ಎಲ್ಲರಿಗಾಗಿಯೋ, ಕೆಲವರಿಗಾಗಿಯೋ? ಕೆಟರಿಂಗ್ ಊರಿನ ಹಳೆಯ ಪ್ರಶ್ನೆ

ಲಂಡನ್ನಿನ ಸೇಂಟ್ ಪ್ಯಾಂಕ್ರಸ್ ನಿಲ್ದಾಣದಲ್ಲಿ ಉತ್ತರದ ಕಡೆಗೆ ಹೊರಡುವ ರೈಲು ಹತ್ತಿದರೆ ಸುಮಾರು ಒಂದು ಗಂಟೆಯಲ್ಲಿ ಕೆಟರಿಂಗ್ ಸಿಗುತ್ತದೆ. ನಾರ್ಥಾಂಪ್ಟನ್‌ಶೈರ್ ಪ್ರಾಂತ್ಯದ ಈ ಊರು ಇಂಗ್ಲೆಂಡಿಗೆ ಹೋಗುವ ಪ್ರವಾಸಿಗಳ ಪಟ್ಟಿಯಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ನೋಡಲೇಬೇಕಾದ ಅರಮನೆಯಾಗಲೀ ಹೆಸರಾಂತ ವಿಶ್ವವಿದ್ಯಾಲಯವಾಗಲೀ ಇಲ್ಲಿಲ್ಲ. ದೂರದಿಂದಲೇ ಕಣ್ಣಿಗೆ ಬೀಳುವುದು ಸೇಂಟ್ ಪೀಟರ್ ಮತ್ತು ಸೇಂಟ್ ಪಾಲ್ ಚರ್ಚಿನ ಚೂಪಾದ ಎತ್ತರದ ಗೋಪುರ. ಒಂದು ಕಾಲಕ್ಕೆ ಉಣ್ಣೆ ಬಟ್ಟೆ ನೇಯ್ದು ಬದುಕಿದ ಊರು, ಆಮೇಲೆ ಬೂಟು, ಚಪ್ಪಲಿ ಹೊಲಿದು ಬದುಕಿತು. ಪಕ್ಕದ ಬರ್ಟನ್ ಲ್ಯಾಟಿಮರ್‌ನಲ್ಲಿ ವೀಟಾಬಿಕ್ಸ್ ಎಂಬ ಗೋಧಿ ತಿಂಡಿಯ ಕಾರ್ಖಾನೆಯಿದೆ. ಒಟ್ಟಿನಲ್ಲಿ ತನ್ನ ಪಾಡಿಗೆ ತಾನು ದುಡಿದು ಉಣ್ಣುವ ಮಂದಿಯ ಊರು.

ಆದರೂ ಇಲ್ಲಿ ಇಳಿದು, ಪೇಟೆಯ ನಡುವಿನ ಗೋಲ್ಡ್ ಸ್ಟ್ರೀಟಿಗೆ ನಡೆದುಹೋಗಲು ಒಂದು ಕಾರಣವಿದೆ. ಹದಿನೆಂಟನೆಯ ಶತಮಾನದಲ್ಲಿ ಈ ಊರಿನಲ್ಲೂ ಸುತ್ತಲಿನ ಹಳ್ಳಿಗಳಲ್ಲೂ ನೇಕಾರರು, ರೈತರು, ಚಮ್ಮಾರರು ಸೇರಿ ಒಂದು ಪ್ರಶ್ನೆಯನ್ನು ಹಿಡಿದು ವರ್ಷಗಟ್ಟಲೆ ವಾದ ಮಾಡಿದರು. ಕ್ರಿಸ್ತ ಶಿಲುಬೆಯ ಮೇಲೆ ಪ್ರಾಣ ಕೊಟ್ಟದ್ದು ಎಲ್ಲ ಮನುಷ್ಯರಿಗಾಗಿಯೋ, ಅಥವಾ ದೇವರು ಮೊದಲೇ ಆರಿಸಿಕೊಂಡ ಕೆಲವರಿಗಾಗಿಯೋ? ಇದೇ ಆ ಪ್ರಶ್ನೆ.

ಹೊರಗಿನವರಿಗೆ ಇದು ಕೂದಲು ಸೀಳುವ ಕೆಲಸವೆನಿಸಬಹುದು. ಆದರೆ ಈ ವಾದದ ಎಳೆ ಹಿಡಿದು ಹೊರಟರೆ ಹೂಗ್ಲಿ ನದಿಯ ದಡಕ್ಕೂ, ಅಲ್ಲಿಂದ ಕನ್ನಡದ ಒಂದು ವ್ಯಾಕರಣ ಪುಸ್ತಕಕ್ಕೂ ಬಂದು ಮುಟ್ಟುತ್ತೇವೆ!

ಹೆಸರಿನಲ್ಲೇ ಇದ್ದ ಜಗಳ

ಮೊದಲು ಬ್ಯಾಪ್ಟಿಸ್ಟರು ಯಾರೆಂದು ತಿಳಿಯೋಣ. ಎಳೆಗೂಸಿಗೆ ದೀಕ್ಷಾಸ್ನಾನ ಮಾಡಿಸುವುದು ಸರಿಯಲ್ಲ, ಬುದ್ಧಿ ಬಂದು ತಾನಾಗಿ ನಂಬಿದವನಿಗೆ ಮಾತ್ರ ಅದನ್ನು ಕೊಡಬೇಕು ಎನ್ನುವ ಕ್ರೈಸ್ತರು ಇವರು. ರಾಜನೇ ಧರ್ಮಪೀಠದ ಯಜಮಾನನಾಗಿದ್ದ ಇಂಗ್ಲೆಂಡಿನಲ್ಲಿ ಹೀಗೆ ಹೇಳುವುದೆಂದರೆ ಸೆರೆಮನೆಗೆ ದಾರಿ ಮಾಡಿಕೊಂಡಂತೆ. 1612ರ ಹೊತ್ತಿಗೆ ಹಾಲೆಂಡಿನಿಂದ ಮರಳಿ ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್‌ನಲ್ಲಿ ಇಂಗ್ಲೆಂಡಿನ ಮೊದಲ ಬ್ಯಾಪ್ಟಿಸ್ಟ್ ಸಭೆಯನ್ನು ಕಟ್ಟಿದ ಥಾಮಸ್ ಹೆಲ್ವಿಸ್, ಪ್ರಜೆಯ ಆತ್ಮದ ಮೇಲೆ ಅರಸನಿಗೆ ಅಧಿಕಾರವಿಲ್ಲವೆಂದು ಬರೆದು ನ್ಯೂಗೇಟ್ ಬಂದೀಖಾನೆ ಸೇರಿದರು.

ಹೆಲ್ವಿಸ್ ಮತ್ತು ಅವರ ಅನುಯಾಯಿಗಳು ಕ್ರಿಸ್ತನ ಪ್ರಾಯಶ್ಚಿತ್ತ ಎಲ್ಲ ಮನುಷ್ಯರಿಗೂ ಸಂದದ್ದು ಎಂದು ನಂಬಿದವರು. ಹಾಗಾಗಿ ಅವರಿಗೆ ‘ಜನರಲ್ ಬ್ಯಾಪ್ಟಿಸ್ಟ್’ ಎಂಬ ಹೆಸರು ಬಂತು. 1630ರ ದಶಕದಲ್ಲಿ ಲಂಡನ್ನಿನಲ್ಲೇ ಇನ್ನೊಂದು ಗುಂಪು ತಲೆಯೆತ್ತಿತು. ಜಿನೀವಾದ ಸುಧಾರಕ ಜಾನ್ ಕ್ಯಾಲ್ವಿನ್‌ನ ಪರಂಪರೆಯಲ್ಲಿ ಬೆಳೆದ ಇವರು, ದೇವರು ಆಯ್ದುಕೊಂಡ ನಿರ್ದಿಷ್ಟ ಜನರಿಗಾಗಿಯೇ ಕ್ರಿಸ್ತ ಸತ್ತದ್ದು ಎಂದರು. ಇವರು ‘ಪರ್ಟಿಕ್ಯುಲರ್ ಬ್ಯಾಪ್ಟಿಸ್ಟ್’ ಆದರು. 1644ರಲ್ಲಿ ಲಂಡನ್ನಿನ ಇಂಥ ಏಳು ಸಭೆಗಳು ಸೇರಿ ತಮ್ಮ ನಂಬಿಕೆಯನ್ನು ಅಚ್ಚು ಹಾಕಿಸಿದವು.

ಎರಡೂ ಕಡೆಯವರು ಓದುತ್ತಿದ್ದುದು ಒಂದೇ ಬೈಬಲ್ಲು, ನಡೆಸುತ್ತಿದ್ದುದು ಒಂದೇ ಬಗೆಯ ದೀಕ್ಷಾಸ್ನಾನ. ಆದರೂ ಸಭೆ ಬೇರೆ, ಪಂಗಡ ಬೇರೆ.

ಒಳಗಿನ ತರ್ಕವನ್ನು ಅಂಗಡಿಯ ಲೆಕ್ಕದಿಂದ ತಿಳಿಯಬಹುದು. ಹತ್ತು ಜನರ ಸಾಲವನ್ನು ಒಬ್ಬ ಧಣಿ ತೀರಿಸಿದನೆನ್ನಿ. ಆ ಹತ್ತೂ ಜನರ ಹೆಸರನ್ನು ಅಂಗಡಿಯವನು ಹೊಡೆದುಹಾಕಲೇಬೇಕು, ಮತ್ತೆ ವಸೂಲಿಗೆ ಹೋಗುವಂತಿಲ್ಲ. ಕ್ರಿಸ್ತ ಎಲ್ಲರ ಪಾಪದ ಸಾಲ ತೀರಿಸಿದ್ದರೆ ಎಲ್ಲರೂ ಉದ್ಧಾರವಾಗಬೇಕು. ಹಾಗಾಗುವುದಿಲ್ಲವೆಂದು ಧರ್ಮಗ್ರಂಥವೇ ಹೇಳುತ್ತದೆ. ಆದ್ದರಿಂದ ತೀರಿಸಿದ್ದು ಕೆಲವರದ್ದನ್ನೇ ಇರಬೇಕು ಎಂಬುದು ಪರ್ಟಿಕ್ಯುಲರ್‌ಗಳ ವಾದ. ಜನರಲ್‌ಗಳು ಇದನ್ನು ಒಪ್ಪಲಿಲ್ಲ. ಔಷಧಿ ಎಲ್ಲರಿಗೂ ಸಿದ್ಧವಾಗಿದೆ, ಕುಡಿಯುವುದು ಬಿಡುವುದು ರೋಗಿಗೆ ಸೇರಿದ್ದು ಎಂದರು. ಮರಿಯನ್ನು ತಾನೇ ಕಚ್ಚಿಕೊಂಡೊಯ್ಯುವ ಬೆಕ್ಕು, ತಾಯಿಯನ್ನು ತಾನೇ ಅಪ್ಪಿ ಹಿಡಿಯುವ ಕೋತಿಮರಿ ಎಂಬ ನಮ್ಮ ಮಾರ್ಜಾಲ ಕಿಶೋರ, ಮರ್ಕಟ ಕಿಶೋರ ನ್ಯಾಯಗಳನ್ನು ಬಲ್ಲ ಓದುಗರಿಗೆ ಈ ಎಳೆದಾಟ ತೀರಾ ಅಪರಿಚಿತವೆನಿಸದು. ಎರಡೂ ಕಡೆಯ ಪ್ರಶ್ನೆ ಪೂರ್ತಿ ಒಂದೇ ಅಲ್ಲ, ಆದರೆ ನೆಂಟಸ್ತನವಿದೆ.

ಪುಸ್ತಕದಂಗಡಿಯ ಹುಡುಗ

ಕೆಟರಿಂಗಿನ ಕಥೆ ಒಬ್ಬ ಶಾಲಾ ಬಾಲಕನಿಂದ ಶುರುವಾಗುತ್ತದೆ. 1697ರಲ್ಲಿ ಇಲ್ಲಿ ಹುಟ್ಟಿದ ಜಾನ್ ಗಿಲ್ ಊರಿನ ಗ್ರಾಮರ್ ಶಾಲೆಯಲ್ಲಿ ಓದುತ್ತಿದ್ದ. ಎಳೆ ವಯಸ್ಸಿನಲ್ಲೇ ಲ್ಯಾಟಿನ್ನೂ ಗ್ರೀಕೂ ಅವನಿಗೆ ಕೈವಶವಾಗಿದ್ದವು. ಆದರೆ ಎಲ್ಲ ಮಕ್ಕಳೂ ಸರಕಾರೀ ಚರ್ಚಿನ ಪ್ರಾರ್ಥನೆಗೆ ಬರಲೇಬೇಕೆಂದು ಮೇಷ್ಟ್ರು ಹಟ ಹಿಡಿದರು. ಬೇರೆ ಮತದ ತಂದೆತಾಯಿಗಳು ಮಕ್ಕಳನ್ನು ಬಿಡಿಸಿಕೊಂಡರು. ಹನ್ನೊಂದರ ಪ್ರಾಯದಲ್ಲಿ ಗಿಲ್‌ನ ಶಾಲೆ ಅಲ್ಲಿಗೆ ಮುಗಿಯಿತು.

ಶಾಲೆ ಮುಗಿಯಿತೇ ಹೊರತು ಓದು ಮುಗಿಯಲಿಲ್ಲ. ಸಂತೆಯ ದಿನ ಊರಿನ ಪುಸ್ತಕದಂಗಡಿ ತೆರೆದಿರುತ್ತಿತ್ತು. ಹುಡುಗ ಅಲ್ಲಿ ಹೋಗಿ ಕುಳಿತರೆ ಏಳುತ್ತಿರಲಿಲ್ಲ. ಯಾವುದಾದರೂ ಮಾತು ಖಚಿತವೆನ್ನಬೇಕಾದರೆ ಊರ ಜನ, ಗಿಲ್ ಪುಸ್ತಕದಂಗಡಿಯಲ್ಲಿರುವಷ್ಟೇ ಖಚಿತ ಎನ್ನುತ್ತಿದ್ದರಂತೆ! ಮುಂದೆ ಅವರು ಹೀಬ್ರೂ ಭಾಷೆಯ ಮಹಾ ಪಂಡಿತರಾದರು. ಲಂಡನ್ನಿನ ಸದರ್ಕ್ ಭಾಗದ ಒಂದು ಸಭೆಗೆ ಐವತ್ತು ವರ್ಷಕ್ಕೂ ಮಿಕ್ಕಿ ಪಾಲಕರಾಗಿದ್ದರು. 1748ರಲ್ಲಿ ಅಬರ್ಡೀನ್‌ನ ವಿದ್ಯಾಪೀಠ ಡಾಕ್ಟರೇಟ್ ಕೊಟ್ಟಿತು. ಕಾಲೇಜು ಮೆಟ್ಟಿಲು ಹತ್ತದವರಿಗೆ ಸಂದ ಗೌರವವಿದು.

ಗಿಲ್ ತಮ್ಮ ವಿದ್ವತ್ತನ್ನೆಲ್ಲ ಪರ್ಟಿಕ್ಯುಲರ್ ಪಕ್ಷದ ಕೋಟೆ ಕಟ್ಟಲು ಬಳಸಿದರು. ಕೆಟರಿಂಗಿನಲ್ಲೇ 1703ರಲ್ಲಿ ಹುಟ್ಟಿದ ಜಾನ್ ಬ್ರೈನ್ ಎಂಬ ಇನ್ನೊಬ್ಬ ಪಂಡಿತರು ಅವರ ಜೊತೆಗಾರರಾದರು. ತರ್ಕ ಒಂದೊಂದೇ ಹೆಜ್ಜೆ ಮುಂದೆ ಸಾಗಿತು. ಪ್ರಾಯಶ್ಚಿತ್ತ ಕೆಲವರಿಗೆ ಮಾತ್ರ. ಆ ಕೆಲವರು ಯಾರೆಂದು ನಮಗೆ ತಿಳಿಯದು. ಹಾಗಿದ್ದ ಮೇಲೆ ಉಪದೇಶಕನು ಎದುರಿಗೆ ಕುಳಿತ ಎಲ್ಲರನ್ನೂ ಉದ್ದೇಶಿಸಿ ‘ಬನ್ನಿ, ನಿಮಗಾಗಿ ಸಿದ್ಧವಾಗಿದೆ’ ಎಂದು ಕೃಪೆಯನ್ನು ಕೊಡಮಾಡುವುದು ಹೇಗೆ? ಸುಳ್ಳು ಆಮಂತ್ರಣವಾಗುವುದಿಲ್ಲವೆ?

ಕೆಟರಿಂಗಿನಿಂದ ಆರೇಳು ಕಿಲೋಮೀಟರ್ ದೂರದ ರಾತ್‌ವೆಲ್ ಎಂಬ ಪುಟ್ಟ ಊರಿನಲ್ಲಿ ಮಥಾಯಸ್ ಮಾರಿಸ್ ಎಂಬ ಪಾಲಕರಿದ್ದರು. ಸುವಾರ್ತೆ ಕೇಳಿದ ಪ್ರತಿಯೊಬ್ಬರಿಗೂ ಅದನ್ನು ನಂಬುವ ಕರ್ತವ್ಯವಿದೆ ಎಂದು 1737ರಲ್ಲಿ ಅವರೊಂದು ಕಿರುಹೊತ್ತಗೆ ಬರೆದರು. ಇಲ್ಲ ಎಂದು ಬ್ರೈನ್ ಉತ್ತರ ಬರೆದರು. ಈ ಜಗ್ಗಾಟಕ್ಕೆ ‘ಆಧುನಿಕ ಪ್ರಶ್ನೆ’ ಎಂದೇ ಹೆಸರು ಬಿತ್ತು. ಗಿಲ್ ಅವರನ್ನು ಎಷ್ಟು ಕಠಿಣರೆಂದು ಎಣಿಸಬೇಕೆಂಬ ಬಗ್ಗೆ ವಿದ್ವಾಂಸರಲ್ಲಿ ಇಂದಿಗೂ ಒಮ್ಮತವಿಲ್ಲ. ಆದರೆ ಅವರ ಪುಸ್ತಕಗಳನ್ನು ಓದಿದ ಹಳ್ಳಿಯ ಎಷ್ಟೋ ಉಪದೇಶಕರು ಎಲ್ಲರನ್ನೂ ಕರೆಯುವ ಮಾತನ್ನೇ ಬಿಟ್ಟುಬಿಟ್ಟರು.

ಸೋಹಮ್‌ನ ಕುಡುಕ

ಇಂಥದೊಂದು ಹಳ್ಳಿಯ ಸಭೆಯನ್ನು ನೋಡಲು ಕೆಟರಿಂಗಿನಿಂದ ಪೂರ್ವಕ್ಕೆ, ಕೇಂಬ್ರಿಜ್ ಪ್ರಾಂತ್ಯದ ಜೌಗು ಬಯಲಿಗೆ ಹೋಗಬೇಕು. ಅಲ್ಲಿನ ವಿಕನ್ ಹಳ್ಳಿಯ ರೈತನ ಮಗ ಆ್ಯಂಡ್ರೂ ಫುಲ್ಲರ್ ಹುಟ್ಟಿದ್ದು 1754ರಲ್ಲಿ. ಕುಟುಂಬ ಸೋಹಮ್ ಎಂಬ ಊರಿನ ಬ್ಯಾಪ್ಟಿಸ್ಟ್ ಸಭೆಗೆ ಹೋಗುತ್ತಿತ್ತು. ಕುಸ್ತಿ ಎಂದರೆ ಪ್ರಾಣ ಬಿಡುತ್ತಿದ್ದ ಗಟ್ಟಿಮುಟ್ಟಾದ ಹುಡುಗ. ಅಲ್ಲಿನ ಪಾಲಕ ಜಾನ್ ಈವ್ ಅವರ ಉಪದೇಶದಲ್ಲಿ, ಇನ್ನೂ ನಂಬದವರಿಗೆಂದು ಹೇಳುವ ಮಾತೇ ಇರುತ್ತಿರಲಿಲ್ಲ ಎಂದು ಫುಲ್ಲರ್ ಮುಂದೆ ನೆನೆದಿದ್ದಾರೆ.

ಹದಿನಾಲ್ಕು, ಹದಿನೈದರ ವಯಸ್ಸಿನಲ್ಲಿ ಹುಡುಗನಿಗೆ ಮನಸ್ಸಿನ ಒಳಗೆ ತಳಮಳ ಹತ್ತಿಕೊಂಡಿತು. ದೇವರ ಬಳಿಗೆ ಹೋಗಲು ತನಗೆ ಹಕ್ಕಿದೆಯೆ? ತಾನು ಆಯ್ದವರಲ್ಲಿ ಒಬ್ಬನೆಂಬ ಗುರುತು ಮೊದಲು ಸಿಗಬೇಕು, ಆಮೇಲೆ ಹೋಗಬೇಕು ಎಂದು ಕಲಿಸಿದ್ದರು. ಗುರುತು ಎಷ್ಟು ಹುಡುಕಿದರೂ ಸಿಗಲಿಲ್ಲ. ಕೊನೆಗೆ ಅವನಿಗೆ ನೆನಪಾದದ್ದು ಬೈಬಲ್ಲಿನ ಎಸ್ತೇರ್ ರಾಣಿಯ ಕಥೆ. ಕರೆಯಿಲ್ಲದೆ ಅರಸನ ಮುಂದೆ ಹೋದರೆ ಮರಣದಂಡನೆ ಎಂದು ತಿಳಿದೂ ಒಳಗೆ ಹೆಜ್ಜೆಯಿಟ್ಟವಳು ಅವಳು. 1769ರ ನವೆಂಬರಿನಲ್ಲಿ ಫುಲ್ಲರನೂ ಹಾಗೆಯೇ ನಿರ್ಧರಿಸಿದ. ಮುಂದೆ ಅವರು ಬರೆದದ್ದಿಷ್ಟು. ಕರೆ ಎಲ್ಲರಿಗೂ ಇದೆ ಎಂದು ಯಾರಾದರೂ ಹೇಳಿದ್ದರೆ ತನಗೆ ಆ ನೆಮ್ಮದಿ ಇನ್ನೂ ಬೇಗ ಸಿಗುತ್ತಿತ್ತು. ಇಂಗ್ಲೆಂಡಿನ ಪಂಡಿತರ ಮೇಜಿನ ಮೇಲಿನ ವಾದ ಒಬ್ಬ ಹದಿಹರೆಯದ ಹುಡುಗನ ನಿದ್ದೆ ಕೆಡಿಸಿದ ಬಗೆ ಇದು.

ಮರುವರ್ಷ ಸಭೆಯ ಸದಸ್ಯನೊಬ್ಬ ಕುಡಿದು ಸಿಕ್ಕಿಬಿದ್ದ. ಹದಿನಾರರ ಫುಲ್ಲರ್ ಹೋಗಿ ಅವನಿಗೆ ಬುದ್ಧಿ ಹೇಳಿದ. ‘ನನ್ನನ್ನು ನಾನು ತಡೆದುಕೊಳ್ಳುವ ಶಕ್ತಿ ನನಗಿಲ್ಲ’ ಎಂಬರ್ಥದ ಉತ್ತರ ಬಂತು. ಮನುಷ್ಯನಿಂದ ಏನೂ ಆಗದು, ಎಲ್ಲವೂ ದೇವರ ಕೈಯಲ್ಲಿ ಎಂಬ ಉಪದೇಶವನ್ನೇ ಆತ ತನ್ನ ಕುಡಿತಕ್ಕೆ ನೆಪವಾಗಿ ತಿರುಗಿಸಿದ್ದ! ಮನಸ್ಸು ಮಾಡಿದ್ದರೆ ತಡೆದುಕೊಳ್ಳಬಹುದಿತ್ತು ಎಂದ ಹುಡುಗ. ಈವ್ ಹುಡುಗನ ಪಕ್ಷ ಹಿಡಿದರು. ಸಭೆಯ ಕೆಲವರು ಪಾಲಕರ ಮೇಲೆಯೇ ತಿರುಗಿಬಿದ್ದರು. ಮಾತಿಗೆ ಮಾತು ಬೆಳೆದು 1771ರಲ್ಲಿ ಈವ್ ಊರು ಬಿಟ್ಟರು. ಸಭೆ ಒಡೆದು ಚೂರಾಗುವ ಹಂತಕ್ಕೆ ಬಂತು. ನಾಲ್ಕು ವರ್ಷದ ನಂತರ ಅದೇ ಸಭೆ ಫುಲ್ಲರ್ ಅವರನ್ನೇ ಪಾಲಕರನ್ನಾಗಿ ಮಾಡಿಕೊಂಡಿತು.

ಸಾಲವೋ, ಅಪರಾಧವೋ?

1782ರಲ್ಲಿ ಫುಲ್ಲರ್ ಕೆಟರಿಂಗಿಗೆ ಬಂದರು. ಗಿಲ್ ಮತ್ತು ಬ್ರೈನ್ ಹುಟ್ಟಿದ ಊರಿಗೇ ಬಂದು, 1815ರಲ್ಲಿ ಸಾಯುವವರೆಗೆ ಇಲ್ಲಿಯೇ ಉಳಿದರು. ಗೋಲ್ಡ್ ಸ್ಟ್ರೀಟಿನಲ್ಲಿ ಇಂದು ನಿಂತಿರುವ, ಅವರ ಹೆಸರನ್ನೇ ಹೊತ್ತ ಫುಲ್ಲರ್ ಬ್ಯಾಪ್ಟಿಸ್ಟ್ ಚರ್ಚು 1860ರ ದಶಕದ ಆರಂಭದಲ್ಲಿ ಕಟ್ಟಿದ್ದು.

ಸೋಹಮ್‌ನಲ್ಲಿ ಬರೆದಿಟ್ಟುಕೊಂಡಿದ್ದ ಹಸ್ತಪ್ರತಿಯನ್ನು 1785ರಲ್ಲಿ ಅವರು ಅಚ್ಚು ಹಾಕಿಸಿದರು. ಸುವಾರ್ತೆ ಎಲ್ಲರೂ ಸ್ವೀಕರಿಸಲು ಯೋಗ್ಯವಾದದ್ದು ಎಂಬುದು ಅದರ ಹೆಸರಿನ ತಾತ್ಪರ್ಯ. ಅಮೆರಿಕದ ತತ್ತ್ವಜ್ಞಾನಿ ಜೊನಾಥನ್ ಎಡ್ವರ್ಡ್ಸ್ ಅವರಿಂದ ಫುಲ್ಲರ್ ಒಂದು ಭೇದವನ್ನು ಕಲಿತಿದ್ದರು. ಆಗದು ಎನ್ನುವುದರಲ್ಲಿ ಎರಡು ಬಗೆ. ಕಾಲಿಲ್ಲದವನು ನಡೆಯಲಾರ. ಅದು ಅವನ ತಪ್ಪಲ್ಲ. ಕಾಲಿದ್ದೂ ಮನಸ್ಸಿಲ್ಲದವನು ನಡೆಯುವುದಿಲ್ಲ. ಅದು ಅವನ ತಪ್ಪೇ. ಮನುಷ್ಯ ದೇವರನ್ನು ನಂಬಲಾರ ಎನ್ನುವುದು ಈ ಎರಡನೆಯ ಬಗೆಯದು. ಹಾಗಾಗಿ ಅವನನ್ನು ಕರೆಯುವುದರಲ್ಲಿ ಮೋಸವಿಲ್ಲ, ಕರೆಯದಿರುವುದೇ ತಪ್ಪು. ಸೋಹಮ್‌ನ ಕುಡುಕನಿಗೆ ಹದಿನೈದು ವರ್ಷ ತಡವಾಗಿ ಕೊಟ್ಟ ಉತ್ತರವೆನ್ನಬಹುದು.

ಪುಸ್ತಕ ಹೊರಬಿದ್ದದ್ದೇ ತಡ, ಎರಡೂ ಕಡೆಯಿಂದ ಬಾಣಗಳು ಬಂದವು. ಗಿಲ್ ಪಂಥದವರಿಗೆ ಇವರು ಕೋಟೆಯ ಬಾಗಿಲು ತೆರೆದ ದ್ರೋಹಿ. ಎದುರು ಪಾಳೆಯದಲ್ಲಿ ಜನರಲ್ ಬ್ಯಾಪ್ಟಿಸ್ಟರ ನಾಯಕ ಡ್ಯಾನ್ ಟೇಲರ್ ಇದ್ದರು. ಯಾರ್ಕ್‌ಶೈರಿನ ಗಣಿಯಲ್ಲಿ ಬಾಲ್ಯದಿಂದ ದುಡಿದು ಮೇಲೆ ಬಂದವರು ಅವರು. 1770ರಲ್ಲಿ ತಮ್ಮ ಪಂಗಡಕ್ಕೆ ಹೊಸ ಜೀವ ತುಂಬಿದವರು. ಎಲ್ಲರನ್ನೂ ಕರೆಯಬೇಕೆನ್ನುತ್ತೀರಿ, ಆದರೆ ಕ್ರಿಸ್ತ ಎಲ್ಲರಿಗಾಗಿ ಸಾಯಲಿಲ್ಲವೆನ್ನುತ್ತೀರಿ. ಹಾಗಾದರೆ ಯಾವ ಆಧಾರದ ಮೇಲೆ ಕರೆಯುತ್ತೀರಿ? ಇದು ಟೇಲರ್ ಹಾಕಿದ ಪಟ್ಟು. ಅಡ್ಡಗೋಡೆಯ ಮೇಲೆ ದೀಪ ಇಟ್ಟಿದ್ದೀರಿ ಎಂದು ನಮ್ಮಲ್ಲಿ ಹೇಳುವಂತೆ!

ಇಲ್ಲಿ ನಡೆದದ್ದು ಅಪರೂಪದ ಸಂಗತಿ. ಟೇಲರ್‌ಗೆ ಉತ್ತರ ಬರೆಯಲು ಕುಳಿತ ಫುಲ್ಲರ್‌ಗೆ ಅವರ ಪಟ್ಟನ್ನು ಬಿಡಿಸಿಕೊಳ್ಳಲು ಆಗಲಿಲ್ಲ. ಪ್ರಾಯಶ್ಚಿತ್ತ ತನ್ನಷ್ಟಕ್ಕೆ ಎಲ್ಲರಿಗೂ ಸಾಲುವಷ್ಟಿದೆ ಎಂದು ಒಪ್ಪದೆ ಎಲ್ಲರನ್ನೂ ಕರೆಯಲು ಆಧಾರವೇ ಇಲ್ಲವೆಂದು ಅವರಿಗೆ ಹೊಳೆಯಿತು. ಆ ವಾದದಲ್ಲಿ ತೊಡಗಿದ್ದರಿಂದಲೇ ತಮ್ಮ ಅಭಿಪ್ರಾಯ ಬದಲಾಯಿತೆಂದು ಗೆಳೆಯ ಜಾನ್ ರೈಲಂಡ್‌ಗೆ ಬರೆದ ಪತ್ರದಲ್ಲಿ ಮುಚ್ಚುಮರೆಯಿಲ್ಲದೆ ಹೇಳಿಕೊಂಡರು. 1801ರಲ್ಲಿ ಪುಸ್ತಕದ ಎರಡನೆಯ ಆವೃತ್ತಿ ಬಂದಾಗ ಈ ಭಾಗವನ್ನು ತಿದ್ದಿ ಬರೆದಿದ್ದರು.

ಅವರ ಹೊಸ ನಿಲುವನ್ನು ಹೀಗೆ ಹೇಳಬಹುದು. ಪಾಪವನ್ನು ಅಂಗಡಿಯ ಸಾಲವೆಂದು ಎಣಿಸಿದ್ದರಿಂದಲೇ ಇಷ್ಟೆಲ್ಲ ಗೋಜಲು. ಪಾಪ ಸಾಲವಲ್ಲ, ಅಪರಾಧ. ಸಾಲವನ್ನು ರೂಪಾಯಿಗೆ ರೂಪಾಯಿ ಎಣಿಸಿ ತೀರಿಸಬಹುದು. ಅಪರಾಧಕ್ಕೆ ಆಗುವ ಪ್ರಾಯಶ್ಚಿತ್ತಕ್ಕೆ ಹಾಗೆ ತೂಕದ ಲೆಕ್ಕವಿಲ್ಲ. ಒಬ್ಬನಿಗೆ ಬೇಕಾದದ್ದೇ ಕೋಟಿ ಜನರಿಗೂ ಸಾಕು. ಹಾಗಾದರೆ ಮಿತಿ ಎಲ್ಲಿ? ಅದನ್ನು ಯಾರಿಗೆ ತಲುಪಿಸಬೇಕೆಂಬ ದೇವರ ಸಂಕಲ್ಪದಲ್ಲಿ. ಸಂಕಲ್ಪ ದೇವರಿಗೆ ಬಿಟ್ಟದ್ದು, ಕರೆಯುವುದು ಮನುಷ್ಯನಿಗೆ ಸೇರಿದ್ದು. ಫುಲ್ಲರ್ ಜನರಲ್ ಬ್ಯಾಪ್ಟಿಸ್ಟರಾಗಲಿಲ್ಲ, ಕೊನೆಯವರೆಗೂ ಪರ್ಟಿಕ್ಯುಲರ್ ಆಗಿಯೇ ಉಳಿದರು. ಇಷ್ಟು ಬಿಟ್ಟುಕೊಟ್ಟದ್ದೂ ತಪ್ಪೆಂದು ಲಂಡನ್ನಿನ ಹಿರಿಯ ಪಾಲಕ ಅಬ್ರಹಾಂ ಬೂತ್ ಆಕ್ಷೇಪಿಸಿದರು.

ಹದಿಮೂರು ಪೌಂಡಿನ ಸಂಘ

ಫುಲ್ಲರ್ ಪುಸ್ತಕ ಪಂಡಿತರ ಕಪಾಟಿನಲ್ಲೇ ಉಳಿಯಲಿಲ್ಲ. ಕೆಟರಿಂಗಿನಿಂದ ನೈಋತ್ಯಕ್ಕೆ, ನಾರ್ಥಾಂಪ್ಟನ್ ಪಟ್ಟಣದ ಅಂಚಿನಲ್ಲಿ ಮೌಲ್ಟನ್ ಎಂಬ ಹಳ್ಳಿಯಿದೆ. 1785ರಲ್ಲಿ ಅಲ್ಲಿಗೆ ಬಂದ ವಿಲಿಯಂ ಕೇರಿ ನೇಕಾರನ ಮಗ, ಕಸುಬಿನಲ್ಲಿ ಚಮ್ಮಾರ. ಎರಡು ವರ್ಷ ಹಿಂದೆ ನಾರ್ಥಾಂಪ್ಟನ್‌ನ ನೆನ್ ನದಿಯಲ್ಲಿ ಅವರಿಗೆ ದೀಕ್ಷಾಸ್ನಾನ ಮಾಡಿಸಿದವರು ಇದೇ ರೈಲಂಡ್. ಮೌಲ್ಟನ್‌ನಲ್ಲಿ ಕೇರಿ ಶಾಲೆ ನಡೆಸಿದರು, ಸಭೆಯ ಪಾಲಕರಾದರು. ಎರಡರಿಂದಲೂ ಹೊಟ್ಟೆ ತುಂಬದೆ ಬೂಟು ಹೊಲಿದರು. ತೊಗಲಿನಿಂದ ಮಾಡಿದ ಗೋಲವನ್ನಿಟ್ಟುಕೊಂಡು ಮಕ್ಕಳಿಗೆ ಭೂಗೋಳ ಕಲಿಸುತ್ತಿದ್ದರೆಂದೂ, ಕೆಲಸದ ಮನೆಯ ಗೋಡೆಗೆ ಕೈಯಾರೆ ಬರೆದ ಪ್ರಪಂಚದ ನಕಾಶೆ ಅಂಟಿಸಿದ್ದರೆಂದೂ ಹೇಳುತ್ತಾರೆ. ಅವರು ವಾಸವಿದ್ದ ಮನೆ ಇಂದಿಗೂ ಅಲ್ಲಿದೆ.

ಫುಲ್ಲರ್ ವಾದವನ್ನು ಕೇರಿ ಒಂದು ಹೆಜ್ಜೆ ಮುಂದಕ್ಕೆ ಒಯ್ದರು. ಸುವಾರ್ತೆ ಕೇಳಿದ ಪ್ರತಿಯೊಬ್ಬನಿಗೂ ನಂಬುವ ಕರ್ತವ್ಯವಿದ್ದರೆ, ಕೇಳಿದವರಿಗೆ ಅದನ್ನು ಕೇಳದವರಿಗೆ ಮುಟ್ಟಿಸುವ ಕರ್ತವ್ಯವೂ ಇರಬೇಕಲ್ಲ? ಪಾಲಕರ ಕೂಟವೊಂದರಲ್ಲಿ ಇದನ್ನೆತ್ತಿದಾಗ ರೈಲಂಡರ ತಂದೆ, ‘ಕುಳಿತುಕೊ ಹುಡುಗ, ದೇವರಿಗೆ ಬೇಕಾದರೆ ನಿನ್ನ ಸಹಾಯವಿಲ್ಲದೆ ಮಾಡಿಯಾನು’ ಎಂಬರ್ಥದಲ್ಲಿ ಗದರಿಸಿದರೆಂಬ ಕಥೆ ಪ್ರಸಿದ್ಧ. ಮಗ ಮಾತ್ರ ಇದನ್ನು ನಂಬಲಿಲ್ಲ. ನಡೆದಿರಲಿ ಬಿಡಲಿ, ಆ ಕಾಲದ ಗಾಳಿ ಯಾವ ಕಡೆಗೆ ಬೀಸುತ್ತಿತ್ತೆಂಬುದಕ್ಕೆ ಕಥೆ ಸಾಕ್ಷಿ.

1792ರ ಅಕ್ಟೋಬರ್ 2ರಂದು ಕೆಟರಿಂಗಿನಲ್ಲಿ ಬೀಬಿ ವಾಲಿಸ್ ಎಂಬ ಸಭಾ ಹಿರಿಯರ ವಿಧವೆಯ ಮನೆಯ ಹಿಂಭಾಗದ ಕೋಣೆಯಲ್ಲಿ ಹದಿನಾಲ್ಕು ಮಂದಿ ಸೇರಿದರು. ಆ ಮನೆ ಇರುವುದು ಲೋಯರ್ ಸ್ಟ್ರೀಟಿನಲ್ಲಿ. ಆರು ವಾರದ ಹಿಂದಷ್ಟೇ ಫುಲ್ಲರ್ ಹೆಂಡತಿಯನ್ನು ಕಳೆದುಕೊಂಡಿದ್ದರು. ನಶ್ಯದ ಡಬ್ಬಿಯಲ್ಲಿ ಚೀಟಿ ಹಾಕಿ ಬರೆದುಕೊಂಡ ವಂತಿಗೆ ಒಟ್ಟು 13 ಪೌಂಡು, 2 ಷಿಲಿಂಗು, 6 ಪೆನ್ಸು. ಕೊಡಲು ಕೈಯಲ್ಲಿ ಕಾಸಿಲ್ಲದ ಕೇರಿ ತಮ್ಮ ಹೊಸ ಪುಸ್ತಕದ ಮಾರಾಟದಿಂದ ಬಂದದ್ದನ್ನು ಕೊಡುವೆನೆಂದರು. ಫುಲ್ಲರ್ ಕಾರ್ಯದರ್ಶಿಯಾದರು.

ಹುಟ್ಟಿದ ಸಂಘಕ್ಕೆ ಇಟ್ಟ ಹೆಸರನ್ನು ಗಮನಿಸಬೇಕು. ಅನ್ಯಧರ್ಮೀಯರಲ್ಲಿ ಸುವಾರ್ತೆ ಹರಡುವ ‘ಪರ್ಟಿಕ್ಯುಲರ್ ಬ್ಯಾಪ್ಟಿಸ್ಟ್’ ಸಂಘ. ಅನ್ಯಧರ್ಮೀಯರಿಗೆ ಅವರು ಬಳಸಿದ ಇಂಗ್ಲಿಷ್ ಪದ ಇಂದು ನಮ್ಮ ಕಿವಿಗೆ ಒರಟಾಗಿ ಕೇಳುತ್ತದೆ. ಆದರೆ ಸ್ವಾರಸ್ಯವಿರುವುದು ಮೊದಲಿನ ಪದದಲ್ಲಿ. ಕ್ರಿಸ್ತ ಕೆಲವರಿಗಾಗಿ ಮಾತ್ರ ಸತ್ತನೆಂಬ ಪಂಗಡದವರೇ, ಆ ಪಂಗಡದ ಹೆಸರನ್ನು ಹಣೆಯ ಮೇಲೆ ಬರೆದುಕೊಂಡೇ, ಪ್ರಪಂಚದ ಎಲ್ಲರನ್ನೂ ಕರೆಯಲು ಹೊರಟಿದ್ದರು. ನಂಬಿಕೆಯನ್ನು ಬಿಡದೆ ಬಾಗಿಲನ್ನು ತೆರೆದದ್ದು ಫುಲ್ಲರ್ ತೋರಿಸಿದ ಆ ಸಣ್ಣ ಭೇದ.

ಹೂಗ್ಲಿಯ ದಡದಲ್ಲಿ

1793ರ ನವೆಂಬರಿನಲ್ಲಿ ಕೇರಿ ಕುಟುಂಬ ಕಲ್ಕತ್ತೆಗೆ ಬಂದಿಳಿಯಿತು. ಈಸ್ಟ್ ಇಂಡಿಯಾ ಕಂಪೆನಿಗೆ ಮಿಷನರಿಗಳು ಬೇಡವಾಗಿದ್ದರು. ಕೆಲವು ವರ್ಷ ನೀಲಿ ಕಾರ್ಖಾನೆಯೊಂದರಲ್ಲಿ ದುಡಿದು, 1800ರ ಜನವರಿಯಲ್ಲಿ ಡೆನ್ಮಾರ್ಕಿನ ವಶದಲ್ಲಿದ್ದ ಶ್ರೀರಾಮಪುರವನ್ನು ಕೇರಿ ಸೇರಿದರು. ಅಲ್ಲಿ ಜೋಶುವಾ ಮಾರ್ಷ್‌ಮನ್, ವಿಲಿಯಂ ವಾರ್ಡ್ ಜೊತೆಯಾದರು. ಅದೇ ವರ್ಷದ ಡಿಸೆಂಬರ್ 28ರಂದು ಕೃಷ್ಣ ಪಾಲ್ ಎಂಬ ಬಡಗಿ ಹೂಗ್ಲಿ ನದಿಯಲ್ಲಿ ದೀಕ್ಷಾಸ್ನಾನ ಪಡೆದರು.

ಇದಕ್ಕೆ ತೆತ್ತ ಬೆಲೆಯನ್ನು ಮರೆಮಾಚುವಂತಿಲ್ಲ. ಹೊರಡಲು ಮನಸ್ಸೇ ಇಲ್ಲದಿದ್ದ ಹೆಂಡತಿ ಡೊರೋಥಿ ಬಂಗಾಳದಲ್ಲಿ ಐದು ವರ್ಷದ ಮಗನನ್ನು ಕಳೆದುಕೊಂಡರು. ಮನಸ್ಸಿನ ಸ್ತಿಮಿತ ತಪ್ಪಿತು. ಹನ್ನೆರಡು ವರ್ಷಕ್ಕೂ ಮಿಕ್ಕಿ ಹಾಗೆಯೇ ಬದುಕಿ 1807ರಲ್ಲಿ ತೀರಿಕೊಂಡರು. ಎಲ್ಲರನ್ನೂ ಕರೆಯಬೇಕೆಂದು ಹೊರಟವರ ಮನೆಯಲ್ಲೇ, ಯಾರ ಮಾತೂ ಮುಟ್ಟದಂತೆ ಒಬ್ಬಾಕೆ ಉಳಿದುಹೋದರು.

ಹೌರಾದಿಂದ ಲೋಕಲ್ ರೈಲಿನಲ್ಲಿ ಹೋದರೆ ಶ್ರೀರಾಮಪುರ ಮುಕ್ಕಾಲು ಗಂಟೆಯೊಳಗಿನ ದಾರಿ. 1818ರಲ್ಲಿ ಆರಂಭವಾದ ಕಾಲೇಜು ನದಿಗೆ ಮುಖ ಮಾಡಿ ನಿಂತಿದೆ. 1827ರಲ್ಲಿ ಡೆನ್ಮಾರ್ಕಿನ ದೊರೆ ಅದಕ್ಕೆ ಪದವಿ ಕೊಡುವ ಸನ್ನದು ನೀಡಿದ. ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ, ಮಂಗಳೂರು ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನಲ್ಲಿ ದೇವಶಾಸ್ತ್ರ ಓದಿದವರ ಪದವಿ ಪತ್ರದ ಮೇಲೆ ಶ್ರೀರಾಮಪುರದ ಹೆಸರಿರುವುದು ಇದೇ ಕಾರಣಕ್ಕೆ.

ಶ್ರೀರಾಮಪುರದ ಅಚ್ಚುಕೂಟ ಭಾರತದ ಹಲವು ಲಿಪಿಗಳಿಗೆ ಅಚ್ಚಿನ ಮೊಳೆ ಎರಕ ಹೊಯ್ದಿತು. 1812ರ ಮಾರ್ಚಿನಲ್ಲಿ ಬೆಂಕಿಗೆ ಆಹುತಿಯಾಗಿಯೂ ಮತ್ತೆ ಎದ್ದು ನಿಂತಿತು. ಕೇರಿಯವರು ಇಂಗ್ಲಿಷಿನಲ್ಲಿ ಬರೆದ ‘ಕರ್ನಾಟ ಭಾಷೆಯ ವ್ಯಾಕರಣ’ 1817ರಲ್ಲಿ ಹೊರಬಂದದ್ದು ಇಲ್ಲಿಂದ. ಕನ್ನಡ ವ್ಯಾಕರಣವನ್ನು ಇಂಗ್ಲಿಷಿನಲ್ಲಿ ವಿವರಿಸಿದ ಅತಿ ಹಳೆಯ ಅಚ್ಚಿನ ಪುಸ್ತಕಗಳಲ್ಲಿ ಅದೂ ಒಂದು. ಕನ್ನಡನಾಡಿನಿಂದ ಅಷ್ಟು ದೂರ ಕುಳಿತ ಒಬ್ಬ ಮಾಜಿ ಚಮ್ಮಾರರು ನಮ್ಮ ವಿಭಕ್ತಿ ಪ್ರತ್ಯಯಗಳನ್ನು ಜೋಡಿಸಿಟ್ಟರು. ಎಲ್ಲರಿಗೂ ಹೇಳಬೇಕೆಂದ ಮೇಲೆ ಎಲ್ಲರ ಭಾಷೆಯನ್ನೂ ಕಲಿಯಲೇಬೇಕಲ್ಲ!

ಕೆಲವೇ ವರ್ಷಗಳಲ್ಲಿ ಎದುರು ಪಕ್ಷದವರೂ ಬಂದರು. 1816ರಲ್ಲಿ ತಮ್ಮದೇ ಸಂಘ ಕಟ್ಟಿಕೊಂಡ ಜನರಲ್ ಬ್ಯಾಪ್ಟಿಸ್ಟರು 1822ರಲ್ಲಿ ಒಡಿಶಾದ ಕಟಕ್ ಸೇರಿದರು. ಅವರಿಗೆ ದಾರಿ ತೋರಿದವರು ಶ್ರೀರಾಮಪುರದ ಪರ್ಟಿಕ್ಯುಲರ್‌ಗಳೇ. ಇಂಗ್ಲೆಂಡಿನಲ್ಲಿ ಬೇರೆ ಬೇರೆ ಇದ್ದವರು ಮಹಾನದಿಯ ತೀರದಲ್ಲಿ ನೆರೆಹೊರೆಯವರಾದರು.

ಮುಗಿಯದ ಮಾತು

ಇಂಗ್ಲೆಂಡಿನಲ್ಲಿ ಎರಡು ಪಂಗಡಗಳೂ ಒಂದಾದದ್ದು 1891ರಲ್ಲಿ. ಅಷ್ಟು ಹೊತ್ತಿಗೆ ಹೆಚ್ಚಿನವರಿಗೆ ಹಳೆಯ ಹೆಸರುಗಳ ಹರಿತ ಹೋಗಿತ್ತು. ಎಲ್ಲರಿಗೂ ಹೋಗಿರಲಿಲ್ಲ. ಮ್ಯಾಂಚೆಸ್ಟರಿನ ವಿಲಿಯಂ ಗ್ಯಾಡ್ಸ್‌ಬಿಯವರ ಹಾದಿಯಲ್ಲಿ ನಡೆದ ಸ್ಟ್ರಿಕ್ಟ್ ಬ್ಯಾಪ್ಟಿಸ್ಟರು ಫುಲ್ಲರ್ ಅವರ ಹೊಂದಾಣಿಕೆಯನ್ನು ಒಪ್ಪಲೇ ಇಲ್ಲ. ಗಿಲ್ ಅವರ ಲಂಡನ್ ಸಭೆಗೇ 1854ರಲ್ಲಿ ಪಾಲಕರಾಗಿ ಬಂದ ಚಾರ್ಲ್ಸ್ ಸ್ಪರ್ಜನ್, ಗಿಲ್ ಅವರಂತೆಯೇ ನಿರ್ದಿಷ್ಟ ಪ್ರಾಯಶ್ಚಿತ್ತವನ್ನು ನಂಬಿದರು, ಆದರೆ ಸಾವಿರಾರು ಜನರನ್ನು ಬಾಯಿ ತುಂಬ ಕರೆದರು.

ಅಮೆರಿಕದಲ್ಲಂತೂ ವಾದ ಇನ್ನೂ ಬಿಸಿಯಾಗಿದೆ. 1845ರಲ್ಲಿ ಹುಟ್ಟಿದ ಸದರ್ನ್ ಬ್ಯಾಪ್ಟಿಸ್ಟ್ ಸಮಾವೇಶದಲ್ಲಿ ಎರಡೂ ಬಗೆಯವರು ಮೊದಲಿನಿಂದ ಇದ್ದಾರೆ. ಕ್ರಿಸ್ತ ಎಲ್ಲರಿಗಾಗಿ ಸತ್ತನೆನ್ನುವ ಪಕ್ಷದವರು 2012ರಲ್ಲಿ ತಮ್ಮದೇ ಸಾಂಪ್ರದಾಯಿಕ ನಿಲುವೆಂದು ಹೇಳಿಕೆ ಹೊರಡಿಸಿದರು. ಗದ್ದಲವೆದ್ದು ಸಮಿತಿಯೊಂದು ಕುಳಿತಿತು. ಭಿನ್ನಾಭಿಪ್ರಾಯವಿದ್ದರೂ ಜೊತೆಯಾಗಿ ದುಡಿಯೋಣ ಎಂಬ ಧಾಟಿಯ ವರದಿ 2013ರಲ್ಲಿ ಬಂತು. ಅಲ್ಲಿ ಫುಲ್ಲರ್ ಹೆಸರನ್ನು ಎರಡೂ ಕಡೆಯವರು ತಮ್ಮ ಪರವಾಗಿ ಎತ್ತುವುದುಂಟು.

ಪ್ರಶ್ನೆಗೆ ಕೊನೆಯ ಉತ್ತರ ಕೆಟರಿಂಗಿನಲ್ಲೂ ಸಿಗುವುದಿಲ್ಲ. ಆದರೆ ವಾದ ಮಾಡುವುದು ಹೇಗೆಂದು ಕಲಿಯಬಯಸುವ ವಿದ್ಯಾರ್ಥಿಗಳಿಗೆ ಈ ಊರು ಒಂದು ಪಾಠಶಾಲೆ. ಚರ್ಚಾಸ್ಪರ್ಧೆಯಲ್ಲಿ ಎದುರಾಳಿಯ ಬಾಯಿ ಮುಚ್ಚಿಸಿದವರಿಗೆ ಬಹುಮಾನ ಕೊಡುವುದು ನಮ್ಮ ರೂಢಿ. ಫುಲ್ಲರ್ ಬರೆದ ಪುಸ್ತಕದ 1785ರ ಮುದ್ರಣವನ್ನೂ 1801ರ ಮುದ್ರಣವನ್ನೂ ಅಕ್ಕಪಕ್ಕ ಇಟ್ಟು ಓದಿ ನೋಡಬೇಕು. ನಡುವೆ ಬದಲಾದ ಪುಟಗಳಲ್ಲಿ ಗಣಿಯಿಂದ ಬಂದ ಟೇಲರ್ ಅವರ ಕೈ ಕಾಣುತ್ತದೆ. ತನ್ನ ವಿರುದ್ಧ ಬರೆದವನಿಗೆ ತನ್ನ ಪುಸ್ತಕದಲ್ಲೇ ಜಾಗ ಬಿಟ್ಟುಕೊಟ್ಟ ಲೇಖಕ ಎಷ್ಟು ಮಂದಿಗೆ ಸಿಕ್ಕಾರು?